ಕೊರಳಿಗೆ ಸ್ಟೆತಾಸ್ಕೋಪು, ಕೊರಳಲ್ಲಿ ರಾಗ!

ಚಿತ್ರಪ್ರೇಮಿ ಮಿತ್ರರೇ, ಈ ವಾರ ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು, ಯಾರ ಕಾಲ್‌ಷೀಟು ಯಾರಿಗೆ ಸಿಗಲಿಲ್ಲ ಎಂಬ ಸುದ್ದಿ ನನ್ನ ಅಂಕಣದಲ್ಲಿ ಇಲ್ಲ. ಅದು ಬೇಕಾದವರು ಪುಟ ತಿರುಗಿಸಿ, ನನ್ನದೇನೂ ಬೇಸರವಿಲ್ಲ. ಈ ವಾರ ನನ್ನ ಮೇಜಿನ ಮೇಲೆ ಒಂದು ಪತ್ರ ಇದೆ. ಮೂರು ದಿನದಿಂದ ಇದೆ. ಅದಕ್ಕೆ ಉತ್ತರ ಕೊಡದೆ ಬೇರೆ ಏನನ್ನೂ ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ.

ಬರೆದವನು ಕಡಬದ ಹುಡುಗ. ಓದುತ್ತಿರುವುದು ಸುಳ್ಯದಲ್ಲಿ, ಎಂ.ಬಿ.ಬಿ.ಎಸ್. ಎರಡನೆಯ ವರ್ಷ. ನಮ್ಮ ಪತ್ರಿಕೆ ಕೊಳ್ಳುವುದು ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ. ಹೀಗೆ ಮೂರು ಊರಿಗೆ ಸೇರಿದ ಈ ಹುಡುಗನ ಮನಸ್ಸು ಮಾತ್ರ ನಾಲ್ಕನೆಯ ಊರಿನಲ್ಲಿದೆ. ಅದು ಗಾಂಧಿನಗರ! ಅವನು ಹಾಡುತ್ತಾನೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡಿ 'ಒನ್ಸ್ ಮೋರ್' ಹೇಳಿಸಿಕೊಂಡಿದ್ದಾನೆ. ಟಿ.ವಿ.ಯ ಹಾಡಿನ ಸ್ಪರ್ಧೆಯೊಂದರಲ್ಲಿ ಎರಡು ಸುತ್ತು ದಾಟಿದ್ದಾನೆ. ಅಪ್ಪನಿಗೆ ಒಂದಿಷ್ಟು ಅಡಿಕೆ ತೋಟ, ಜೊತೆಗೆ ಬ್ಯಾಂಕಿನ ಸಾಲ. "ಸರ್, ಓದು ಬಿಟ್ಟು ಬೆಂಗಳೂರಿಗೆ ಹೋಗಬೇಕೆಂದು ತೀರ್ಮಾನ ಮಾಡಿದ್ದೇನೆ. ಡಾಕ್ಟರೂ ಗಾಯಕನೂ ಒಟ್ಟಿಗೆ ಆಗಲು ಸಾಧ್ಯವಿಲ್ಲ ಅಲ್ವಾ? ನೀವು ಹೌದು ಅಂದರೆ ಈ ತಿಂಗಳೇ ಹೊರಡುತ್ತೇನೆ" ಎಂದು ಬರೆದಿದ್ದಾನೆ.

ತಮ್ಮಾ, ನೀನು ಕೇಳಿದ್ದು ಸರಿಯಾದ ಮನುಷ್ಯನನ್ನೇ. ಯಾಕೆಂದರೆ ನಾನೂ ಕಡಬದ ಕಡೆಯವನೇ. ನಾನೂ ಹಾಗೆಯೇ ಹೊರಟಿದ್ದೆ.

ತೆರೆಯ ಮೇಲಿನ ಡಾಕ್ಟರು

ಮೊದಲು ನಮ್ಮ ಬೆಳ್ಳಿತೆರೆಯ ವೈದ್ಯರನ್ನು ಒಮ್ಮೆ ನೋಡೋಣ. ಕನ್ನಡ ಚಿತ್ರಗಳಲ್ಲಿ ಎರಡು ಬಗೆಯ ಡಾಕ್ಟರು. ಒಬ್ಬರು ಕ್ಲೈಮ್ಯಾಕ್ಸಿನಲ್ಲಿ ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದು, ಕನ್ನಡಕ ತೆಗೆದು, ತಲೆ ಅಲ್ಲಾಡಿಸುವವರು. ಇವರಿಗೆ ಒಂದೇ ಸಂಭಾಷಣೆ. ಇನ್ನೊಬ್ಬರು ಡಾಕ್ಟರ್ ಆಗಿರುವ ನಾಯಕನಟ. ಈತನಿಗೆ ಸ್ಟೆತಾಸ್ಕೋಪು ಎರಡು ಸೀನಿಗೆ, ಡ್ಯುಯೆಟ್ ನಾಲ್ಕು. 'ಹೊಂಬಿಸಿಲು' ಚಿತ್ರದಲ್ಲಿ ವಿಷ್ಣುವರ್ಧನ್ ಡಾಕ್ಟರ್. 1989ರಲ್ಲಿ 'ಡಾಕ್ಟರ್ ಕೃಷ್ಣ' ಎಂದೇ ಅವರ ಇನ್ನೊಂದು ಚಿತ್ರ ಬಂತು. ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ'ದಲ್ಲಿ (1982) ಶ್ರೀನಾಥ್ ಮಾನಸಿಕ ವೈದ್ಯ. ಹುಚ್ಚು ಬಿಡಿಸಲು ಹೋದವನೇ ಹುಚ್ಚನಾಗುವ ಆ ಪಾತ್ರ ನೋಡಿ ಕಣ್ಣೊರೆಸಿಕೊಳ್ಳದವರು ಯಾರು?

ಆದರೆ ಒಂದು ಗಮನಿಸಿ. ತೆರೆಯ ಮೇಲೆ ಡಾಕ್ಟರ್ ಹಾಡತೊಡಗಿದರೆ ಆಸ್ಪತ್ರೆ ಮಾಯ! ನಾಲ್ಕು ನಿಮಿಷದ ಹಾಡು ಮುಗಿಯುವ ತನಕ ವಾರ್ಡಿನಲ್ಲಿ ಯಾರಿಗೂ ಜ್ವರ ಬರುವಂತಿಲ್ಲ. ಹಾಡು ಬೇರೆ, ರೋಗಿ ಬೇರೆ. ನಮ್ಮ ಕಡಬದ ಹುಡುಗನ ತಲೆಯಲ್ಲಿ ಕೂತಿರುವುದೂ ಇದೇ ಸಿನಿಮಾ ಲೆಕ್ಕ.

ಹಾರ್ಲಿಕ್ಸ್ ಡಬ್ಬಿ

ಈಗ ನನ್ನ ರೀಲು ಹಿಂದಕ್ಕೆ ತಿರುಗಿಸುತ್ತೇನೆ.

ನಮ್ಮೂರಿನಲ್ಲಿ ಒಬ್ಬ ಡಾಕ್ಟರು ಇದ್ದರು. ಹೆಸರು ಬರೆಯುವುದಿಲ್ಲ, ಪತ್ರಿಕೆಯಲ್ಲಿ ಹೆಸರು ಬರುವುದು ಅವರಿಗೆ ಇಷ್ಟವಿರಲಿಲ್ಲ. ಊರವರಿಗೆ ಅವರು ಬರೇ 'ಡಾಕ್ಟ್ರು'. ರಸ್ತೆಬದಿಯಲ್ಲಿ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಅವರ ಕ್ಲಿನಿಕ್ಕು. ಮೇಜಿನ ಮೇಲೆ ಒಂದು ಖಾಲಿ ಹಾರ್ಲಿಕ್ಸ್ ಡಬ್ಬಿ. ಫೀಸು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಇದ್ದವರು ಡಬ್ಬಿಗೆ ಹಾಕುತ್ತಿದ್ದರು. ಇಲ್ಲದವರು ಬಸಳೆ ಕಟ್ಟೋ, ಬಾಳೆಗೊನೆಯೋ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಅದೂ ಇಲ್ಲದವರು ಸುಮ್ಮನೆ ಹೋಗುತ್ತಿದ್ದರು. ಹಾವು ಕಚ್ಚಿದವರನ್ನು ತನ್ನದೇ ಜೀಪಿನಲ್ಲಿ ಹಾಕಿಕೊಂಡು ಪುತ್ತೂರಿಗೆ ಓಡುತ್ತಿದ್ದರು. ಶಾಲೆಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹುಳದ ಔಷಧಿ ಕುಡಿಸುತ್ತಿದ್ದರು.

ಒಳಗಿನ ಕೋಣೆಯಲ್ಲಿ ಒಂದು ಹಾರ್ಮೋನಿಯಂ, ಒಂದು ಶ್ರುತಿ ಪೆಟ್ಟಿಗೆ. ರಾತ್ರಿ ಎಂಟಕ್ಕೆ ಕೊನೆಯ ರೋಗಿ ಹೋದ ಮೇಲೆ ನಾವು ನಾಲ್ಕೈದು ಹುಡುಗರು ಹೋಗುತ್ತಿದ್ದೆವು. ಸರಳೆ ವರಸೆಯಿಂದ ಪಾಠ. ಶನಿವಾರ ಭಜನಾ ಮಂದಿರದಲ್ಲಿ ಅವರದೇ ಮುಖ್ಯ ಧ್ವನಿ. ಮೋಹನ, ಕಲ್ಯಾಣಿ ಹಿಡಿದರೆ ಬೀಡಿ ಕಟ್ಟುವ ಹೆಂಗಸರೂ ಕೈ ನಿಲ್ಲಿಸಿ ಕೇಳಬೇಕು, ಅಂಥ ಕಂಠ. ಪಾಠಕ್ಕೂ ಫೀಸಿಲ್ಲ. "ಹಾರ್ಲಿಕ್ಸ್ ಡಬ್ಬಿ ರೋಗಿಗಳಿಗೆ ಮಾತ್ರ ಮಾರಾಯ, ನಿಮಗೆ ರೋಗ ಇಲ್ಲ, ಇರುವುದು ಹುಚ್ಚು" ಎಂದು ನಗುತ್ತಿದ್ದರು.

1981. ನನಗೆ ಇಪ್ಪತ್ತು ವರ್ಷ. ಆಗ ಕನ್ನಡ ಚಿತ್ರಗಳ ಹಾಡುಗಳ ಧ್ವನಿಮುದ್ರಣ ಬಹುಪಾಲು ನಡೆಯುತ್ತಿದ್ದುದು ಮದರಾಸಿನಲ್ಲಿ. ಅಪ್ಪ ಅಡಿಕೆ ಮಾರಿ ಪೆಟ್ಟಿಗೆಯಲ್ಲಿಟ್ಟಿದ್ದ ಎಂಟುನೂರು ರೂಪಾಯಿ ತೆಗೆದುಕೊಂಡು ನಾನು ಒಂದು ರಾತ್ರಿ ಹೊರಟುಬಿಟ್ಟೆ. ತೆಗೆದುಕೊಂಡೆ ಅನ್ನುವುದು ಮರ್ಯಾದೆಯ ಮಾತು. ಕದ್ದೆ.

ಕೋಡಂಬಾಕ್ಕಮಿನಲ್ಲಿ ಹನ್ನೊಂದು ತಿಂಗಳು. ಒಂದು ಸ್ಟುಡಿಯೋದ ಗೇಟಿನ ಹೊರಗೆ ದಿನಾ ನಿಂತೆ. ಗೇಟಿನ ಒಳಗೆ ಹೋದದ್ದು ಎರಡೇ ಸಲ, ಎರಡು ಸಲವೂ ಟೀ ಕೊಡಲು! ಕೋರಸ್ಸಿನಲ್ಲಿ ಹಾಡಿಸುತ್ತೇನೆ ಎಂದವರೊಬ್ಬರು ಉಳಿದ ಹಣವನ್ನೂ ಇಸಿದುಕೊಂಡು ಕಾಣೆಯಾದರು. ಆ ಹನ್ನೊಂದು ತಿಂಗಳಲ್ಲಿ ನಾನು ಒಂದು ದಿನವೂ ಶ್ರುತಿ ಹಿಡಿದು ಕೂತು ಸಾಧನೆ ಮಾಡಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ನಂತರ. ಗಾಯಕನಾಗಲು ಹೋದವನು ಹಾಡುವುದನ್ನೇ ಬಿಟ್ಟಿದ್ದೆ.

ಈ ಕಥೆಯ ಉಳಿದ ಭಾಗ ಕೊನೆಗೆ ಹೇಳುತ್ತೇನೆ. ಇಂಟರ್ವಲ್ ಎಂದು ತಿಳಿದುಕೊಳ್ಳಿ.

ಕೊಳಲಿನವನ ಕೊಳವೆ

ನಮ್ಮ ಡಾಕ್ಟ್ರು ಎದೆ ಪರೀಕ್ಷೆ ಮಾಡುವ ಕ್ರಮವನ್ನು ನಾನು ಎಷ್ಟೋ ಸಲ ನೋಡಿದ್ದೆ. ಎಡಗೈಯ ಬೆರಳನ್ನು ರೋಗಿಯ ಬೆನ್ನಿಗೆ ಒತ್ತಿ, ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟುತ್ತಾರೆ. ಕಣ್ಣು ಮುಚ್ಚಿರುತ್ತದೆ, ಥೇಟ್ ಕಛೇರಿ ಕೇಳುವವರ ಹಾಗೆ. ಒಮ್ಮೆ ಕೇಳಿದೆ, "ಇದೆಂಥ ಡಾಕ್ಟ್ರೇ, ಮದ್ದಳೆ ಬಾರಿಸಿದ ಹಾಗೆ?"

"ಹಲಸಿನ ಹಣ್ಣು ತಟ್ಟಿ ನೋಡುದಿಲ್ವಾ ನೀನು? ಹಾಗೆಯೇ" ಅಂದರು. ಆಮೇಲೆ ಹೇಳಿದ ಕಥೆ ಇದು. ಆಸ್ಟ್ರಿಯಾ ದೇಶದಲ್ಲಿ ಆವೆನ್‌ಬ್ರುಗ್ಗರ್ ಎಂಬ ವೈದ್ಯ. ಅವನ ಅಪ್ಪ ಛತ್ರದಂಥ ಹೋಟೆಲು ನಡೆಸುತ್ತಿದ್ದವನು. ಮದ್ಯದ ಪೀಪಾಯಿಯ ಮೇಲೆ ತಟ್ಟಿ, ಸದ್ದಿನಿಂದಲೇ ಒಳಗೆ ಎಲ್ಲಿಯ ತನಕ ತುಂಬಿದೆ ಎಂದು ತಿಳಿಯುವುದನ್ನು ಮಗ ಬಾಲ್ಯದಲ್ಲೇ ನೋಡಿದ್ದ. ದೊಡ್ಡವನಾಗಿ ಮನುಷ್ಯನ ಎದೆಯನ್ನೂ ಹಾಗೆಯೇ ತಟ್ಟಿ ನೋಡಿದ. ಗಾಳಿ ಇದ್ದ ಕಡೆ ಒಂದು ಸದ್ದು, ನೀರು ಕಟ್ಟಿದ ಕಡೆ ಇನ್ನೊಂದು. 1761ರಲ್ಲಿ ಅದನ್ನು ಪುಸ್ತಕ ಮಾಡಿದ. ಆತ ಬರೇ ಡಾಕ್ಟರನಲ್ಲ, ಸಾಲಿಯೇರಿ ಎಂಬ ಹೆಸರಾಂತ ಸಂಗೀತಗಾರ ರಾಗ ಹಾಕಿದ ಸಂಗೀತನಾಟಕ ಒಂದಕ್ಕೆ ಸಾಹಿತ್ಯ ಬರೆದವನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಿತ್ರಸಾಹಿತಿ!

ಇನ್ನು ಸ್ಟೆತಾಸ್ಕೋಪು. ಅದನ್ನು ಕಂಡುಹಿಡಿದವನು ಪ್ಯಾರಿಸಿನ ಲೆನೆಕ್, 1816ರಲ್ಲಿ. ಹೃದಯದ ತೊಂದರೆಯ ಹೆಂಗಸೊಬ್ಬಳು ಬಂದಳು. ಅವಳ ಎದೆಗೆ ನೇರ ಕಿವಿ ಇಡಲು ಸಂಕೋಚ. ಕಾಗದದ ಕಟ್ಟನ್ನು ಸುರುಳಿ ಸುತ್ತಿ, ಒಂದು ತುದಿ ಅಲ್ಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟ. ಬಡಿತ ಸ್ಪಷ್ಟವಾಗಿ ಕೇಳಿತು. ಆಮೇಲೆ ಮರದ ಕೊಳವೆಯನ್ನೇ ಮಾಡಿಕೊಂಡ. ಈ ಲೆನೆಕ್ ಕೊಳಲು ನುಡಿಸುವವನು!

"ಸಂಗೀತ ಕೇಳಿ ಪಳಗಿದ ಕಿವಿಗೆ ಎದೆಯೊಳಗಿನ ಅಪಸ್ವರ ಬೇಗ ಸಿಗ್ತದೆ ಮಾರಾಯ" ಎನ್ನುವುದು ನಮ್ಮ ಡಾಕ್ಟ್ರ ನಂಬಿಕೆಯಾಗಿತ್ತು. ನಿಜವೋ ಸುಳ್ಳೋ, ದೊಡ್ಡ ಡಾಕ್ಟರುಗಳು ಹೇಳಲಿ. ಆದರೆ ಸಂಗೀತ ಮತ್ತು ವೈದ್ಯ ಬದ್ಧವೈರಿಗಳು ಎಂಬ ಮಾತನ್ನು ಮಾತ್ರ ಇನ್ನು ನನ್ನ ಮುಂದೆ ಯಾರೂ ಹೇಳಬೇಡಿ.

ಕರ್ನೂಲಿನ ಪ್ರೊಫೆಸರು

"ಅದೆಲ್ಲ ಪರದೇಶದ ಕಥೆ ಸರ್, ನಮ್ಮ ದೇಶದಲ್ಲಿ ಯಾರು?" ಎಂದು ನೀನು ಕೇಳುತ್ತೀಯ. ಹೇಳುತ್ತೇನೆ, ಸರಿಯಾಗಿ ಕೂತು ಕೇಳು.

ಮಂತ್ರಾಲಯಕ್ಕೆ ಹೋಗುವ ನಮ್ಮವರಿಗೆ ಕರ್ನೂಲು ಹೊಸ ಹೆಸರಲ್ಲ. ಅಣ್ಣಾವ್ರ 'ಮಂತ್ರಾಲಯ ಮಹಾತ್ಮೆ' (1966) ನೋಡಿದವರಿಗೂ ಆ ಸೀಮೆಯ ತುಂಗಭದ್ರೆ ಗೊತ್ತು. ನಮ್ಮ ಘಟ್ಟದಲ್ಲಿ ಹುಟ್ಟಿದ ತುಂಗೆ, ಭದ್ರೆ ಒಂದಾಗಿ ಹರಿದು ಕರ್ನೂಲು ಪಟ್ಟಣದ ಮಗ್ಗುಲಲ್ಲೇ ಹೋಗುತ್ತವೆ. ಆ ಕರ್ನೂಲಿನ ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಪ್ರೊಫೆಸರರಿದ್ದರು. ಡಾಕ್ಟರ್ ಶ್ರೀಪಾದ ಪಿನಾಕಪಾಣಿ.

ಹುಟ್ಟಿದ್ದು 1913ರ ಆಗಸ್ಟ್ 3ರಂದು, ಈಗಿನ ಶ್ರೀಕಾಕುಳಂ ಜಿಲ್ಲೆಯ ಪ್ರಿಯಾ ಅಗ್ರಹಾರದಲ್ಲಿ. ವಿಶಾಖಪಟ್ಟಣದ ಆಂಧ್ರ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಓದಿದರು. ಸಾಮಾನ್ಯ ಓದಲ್ಲ, ಎಂ.ಡಿ. ತನಕ. ಸಂಗೀತದ ಹುಚ್ಚು ಹುಡುಗನಾಗಿದ್ದಾಗಲೇ ಹಿಡಿದದ್ದು. ಪಿಟೀಲಿನ ಮಾಂತ್ರಿಕ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರಿಂದ ಕಲಿತರು. ಮದರಾಸಿನಲ್ಲಿದ್ದಾಗ ಅಲ್ಲಿನ ಘಟಾನುಘಟಿಗಳ ಕಛೇರಿಗಳನ್ನು ಕೇಳಿ ಕೇಳಿ ತಂಜಾವೂರಿನ ಹಾಡಿಕೆಯ ಕ್ರಮವನ್ನು ಮೈಗೂಡಿಸಿಕೊಂಡರು. ನೋಡಿದೆಯಾ ತಮ್ಮಾ, ಅದೇ ಮದರಾಸು! ನಾನು ಗೇಟಿನ ಹೊರಗೆ ನಿಂತು ಹೊತ್ತು ಕಳೆದೆ. ಅವರು ಕಿವಿ ತೆರೆದು ಕೂತು ಒಂದು ಇಡೀ ಪರಂಪರೆಯನ್ನು ಗಂಟು ಕಟ್ಟಿಕೊಂಡು ತಮ್ಮ ನಾಡಿಗೆ ಹೊತ್ತು ತಂದರು.

ಹಾಡುಗಾರನಾಗಿ ಹೆಸರು ಬಂದ ಮೇಲೆ ಆಸ್ಪತ್ರೆ ಬಿಟ್ಟರಾ? ಬಿಡಲಿಲ್ಲ. ಡಾಕ್ಟರಿಕೆಯ ಕೆಲಸ ಹೆಚ್ಚಾಯಿತು ಎಂದು ಹಾಡು ಬಿಟ್ಟರಾ? ಅದೂ ಇಲ್ಲ. ವಾರ್ಡು, ವಿದ್ಯಾರ್ಥಿಗಳು, ಪಾಠ ಎಲ್ಲ ಮುಗಿಸಿ ಮನೆಗೆ ಬಂದರೆ ಅಲ್ಲಿ ಇನ್ನೊಂದು ತರಗತಿ ಕಾಯುತ್ತಿತ್ತು. ಈ ಎರಡನೆಯ ತರಗತಿಗೆ ಫೀಸಿಲ್ಲ. ಅಲ್ಲಿ ತಯಾರಾದವರ ಹೆಸರು ಕೇಳಿ: ನೇದುನೂರಿ ಕೃಷ್ಣಮೂರ್ತಿ, ವೋಲೇಟಿ ವೆಂಕಟೇಶ್ವರಲು, ನೂಕಲ ಚಿನ್ನ ಸತ್ಯನಾರಾಯಣ, ಶ್ರೀರಂಗಂ ಗೋಪಾಲರತ್ನಂ, ಮಲ್ಲಾದಿ ಸೂರಿಬಾಬು. ಸೂರಿಬಾಬು ಅವರ ಮಕ್ಕಳಾದ ಮಲ್ಲಾದಿ ಸಹೋದರರಿಗೂ ಅಜ್ಜನ ವಯಸ್ಸಿನ ಈ ಡಾಕ್ಟರೇ ಪಾಠ ಹೇಳಿದರು. ತೆಲುಗು ನಾಡಿನ ಶಾಸ್ತ್ರೀಯ ಸಂಗೀತದ ಸ್ಟಾರುಗಳ ಪಟ್ಟಿ ಮಾಡಿದರೆ ಅರ್ಧಕ್ಕರ್ಧ ಒಬ್ಬ ಡಾಕ್ಟರ ಮನೆಯ ಜಗಲಿಯಲ್ಲಿ ತಯಾರಾದವರು.

"ಶಾಸ್ತ್ರೀಯ ಸಂಗೀತ ನಮಗ್ಯಾಕೆ, ನಾವು ಸಿನಿಮಾದವರು" ಅನ್ನಬೇಡಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಅನ್ನಮಾಚಾರ್ಯರ ಕೀರ್ತನೆಗಳು ಮುಂಜಾನೆ ನಮ್ಮೂರ ದೇವಸ್ಥಾನದ ಮೈಕಿನಲ್ಲಿ ಕೇಳುವುದಿಲ್ಲವೇ? ಅವುಗಳಲ್ಲಿ ಕೆಲವಕ್ಕೆ ರಾಗ ಹಾಕಿದವರು ನೇದುನೂರಿ. 1949ರಲ್ಲಿ ಪಿನಾಕಪಾಣಿಯವರ ಕೈಗೆ ಸಿಕ್ಕ ಶಿಷ್ಯ. ಅಂದರೆ ಕರ್ನೂಲಿನ ಆ ಡಾಕ್ಟರ ಪಾಠ ಬೇರೆಯವರ ಕೊರಳಿನ ಮೂಲಕ ನಮ್ಮೂರಿಗೂ ಬಂದಿದೆ. ನಮಗೆ ಗೊತ್ತಿಲ್ಲ, ಅಷ್ಟೆ.

ಕಲಿಸಿದ್ದನ್ನು ಬಾಯಿಗೆ ಮಾತ್ರ ಬಿಡಲಿಲ್ಲ. ರೋಗಿಯ ಕೇಸ್ ಷೀಟ್ ಬರೆಯುವ ಶಿಸ್ತಿನಲ್ಲಿಯೇ, ಒಂದೊಂದು ಸ್ವರ ಎಲ್ಲಿ ತೂಗಬೇಕು, ಎಲ್ಲಿ ಜಾರಬೇಕು ಎಂಬುದನ್ನೆಲ್ಲ ಸ್ವರಲಿಪಿಯಲ್ಲಿ ಬರೆದಿಟ್ಟರು. 'ಸಂಗೀತ ಸೌರಭಂ' ಎಂದು ತಿರುಪತಿ ದೇವಸ್ಥಾನ ಅದನ್ನು ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿತು. 1983ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಕರ್ನಾಟಕ ಸಂಗೀತದಲ್ಲಿ ಅದಕ್ಕಿಂತ ದೊಡ್ಡ ಕಿರೀಟ ಇಲ್ಲ. 1984ರಲ್ಲಿ ಪದ್ಮಭೂಷಣ. 1991ರಲ್ಲಿ ಅದೇ ಕಲಾನಿಧಿ ಬಿರುದು ಶಿಷ್ಯ ನೇದುನೂರಿಗೂ ಸಿಕ್ಕಿತು. ತನ್ನ ಕಣ್ಣೆದುರಿಗೇ ಶಿಷ್ಯನ ತಲೆಯ ಮೇಲೆ ತನ್ನಂಥದೇ ಕಿರೀಟ! ಯಾವ ನಿರ್ದೇಶಕ ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ತೆಗೆದಾನು?

ಪಿನಾಕಪಾಣಿ 2013ರ ಮಾರ್ಚ್ 11ರಂದು ಕರ್ನೂಲಿನಲ್ಲಿ ತೀರಿಕೊಂಡರು. ನೂರು ತುಂಬಲು ಐದು ತಿಂಗಳೂ ಬಾಕಿ ಇರಲಿಲ್ಲ.

ಕಛೇರಿಯಿಂದ ಕಛೇರಿಗೆ ಓಡಾಡಿ ಹಣ ಮಾಡುವ ಅವಸರ ಅವರಿಗೆ ಇರಲಿಲ್ಲ. ಊಟಕ್ಕೆ ಆಸ್ಪತ್ರೆಯ ಸಂಬಳ ಇತ್ತು. ಹಾಗಾಗಿ ಹಾಡನ್ನು ಮಾರುವ ಗರಜು ಬರಲಿಲ್ಲ, ಹಂಚಲು ಸಾಧ್ಯವಾಯಿತು. ತಮ್ಮಾ, ಈ ಮಾತನ್ನು ಎರಡು ಸಲ ಓದು. ನೀನು ಸರಪಳಿ ಎಂದುಕೊಂಡಿರುವ ಆ ವೈದ್ಯ ಪದವಿಯೇ ಅವರ ಸಂಗೀತವನ್ನು ಬಿಡುಗಡೆ ಮಾಡಿದ್ದು.

ಅವರೊಬ್ಬರೇ ಅಲ್ಲ

ಬೆಂಗಳೂರಿನ ಡಾಕ್ಟರ್ ಜ್ಯೋತ್ಸ್ನಾ ಶ್ರೀಕಾಂತ್ ಇದ್ದಾರೆ. ವೈದ್ಯ ಓದಿದವರು, ಪಿಟೀಲು ವಿದುಷಿ. ತಾಯಿ ರತ್ನಾ ಶ್ರೀಕಂಠಯ್ಯ ಸಂಗೀತ ಶಿಕ್ಷಕಿ, ಗುರುಗಳು ಆರ್.ಆರ್. ಕೇಶವಮೂರ್ತಿ. ಹಂಸಲೇಖ, ಇಳಯರಾಜ ಅವರ ಧ್ವನಿಮುದ್ರಣಗಳಲ್ಲಿ ಪಿಟೀಲು ನುಡಿಸಿದ್ದಾರೆ. ನೀವು ಸೀಟಿ ಹೊಡೆದು ಕೇಳಿದ ಯಾವುದೋ ಹಾಡಿನಲ್ಲಿ ಒಬ್ಬ ಡಾಕ್ಟರ ಕಮಾನು ಓಡಿರಬಹುದು! ಆಮೇಲೆ ಲಂಡನ್ನಿಗೆ 

ಹೋಗಿ ಅಲ್ಲಿಯೂ ಕಲಾ ಉತ್ಸವ ಕಟ್ಟಿದರು.

ಅಷ್ಟು ದೂರ ಯಾಕೆ? ಪುತ್ತೂರು, ಸುಳ್ಯದ ಗಡಿ ದಾಟಿದರೆ ಕಾಸರಗೋಡಿನ ದೇಲಂಪಾಡಿ ಬನಾರಿ. ಯಕ್ಷಗಾನದ ಗುರು ಕೀರಿಕ್ಕಾಡು ವಿಷ್ಣು ಭಟ್ಟರ ಊರು. ಅವರ ಮಗ ಡಾಕ್ಟರ್ ರಮಾನಂದ ಬನಾರಿ ಮಂಜೇಶ್ವರದಲ್ಲಿ ವೈದ್ಯರಾದರು, ಜೊತೆಗೆ ಕವಿಯಾದರು, ತಾಳಮದ್ದಳೆಯ ಅರ್ಥಧಾರಿಯಾದರು. ಭಾಗವತರು ಪದ ಹೇಳಿ ನಿಲ್ಲಿಸಿದ ಕೂಡಲೇ, ಬರೆದುಕೊಂಡ ಡೈಲಾಗ್ ಇಲ್ಲದೆ ಮಾತು ಕಟ್ಟಬೇಕು. ರೀಟೇಕ್ ಇಲ್ಲ! ಹಗಲಿಡೀ ಜ್ವರ, ಕೆಮ್ಮು ನೋಡಿದ ತಲೆ ರಾತ್ರಿ ಅದಕ್ಕೆ ತಯಾರಿರಬೇಕು.

ಸೇವೆಯ ಮಾತು ಬಂದಾಗ ಆಲ್ಬರ್ಟ್ ಶ್ವೈಟ್ಜರರನ್ನು ಬಿಡುವ ಹಾಗಿಲ್ಲ. ಯುರೋಪಿನಲ್ಲಿ ಚರ್ಚಿನ ಆರ್ಗನ್ ವಾದ್ಯದ ದೊಡ್ಡ ವಿದ್ವಾಂಸ. ಮೂವತ್ತು ವರ್ಷದ ಮೇಲೆ ವೈದ್ಯ ಓದಿ, 1913ರಲ್ಲಿ ಆಫ್ರಿಕಾದ ಲಾಂಬರೇನೆ ಎಂಬ ಕಾಡೂರಿಗೆ ಹೋಗಿ ಆಸ್ಪತ್ರೆ ಕಟ್ಟಿದರು. ಔಷಧಿಗೆ ದುಡ್ಡು ಬೇಕಾದಾಗ ಯುರೋಪಿಗೆ ಬಂದು ಕಛೇರಿ ಮಾಡುವುದು, ಬಂದ ಹಣ ಆಸ್ಪತ್ರೆಗೆ! ಕಾಡಿನ ತೇವಕ್ಕೆ, ಹುಳಕ್ಕೆ ಹಾಳಾಗದಂತೆ ಸತುವಿನ ತಗಡು ಹೊದೆಸಿದ ಪಿಯಾನೋ ಒಂದನ್ನು ಜೊತೆಗೆ ಒಯ್ದಿದ್ದರು. ರಾತ್ರಿ ಅದರ ಮೇಲೆ ಸಾಧನೆ. 1952ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಸಂದಿತು.

ನಮ್ಮ ಚಿತ್ರರಂಗಕ್ಕೇ ಬನ್ನಿ. ಕನ್ನಡ ಹಾಡಿಗೆ ಮೊದಲ ಬಾರಿಗೆ ರಾಷ್ಟ್ರೀಯ ಶ್ರೇಷ್ಠ ಗಾಯಕ ಪ್ರಶಸ್ತಿ ತಂದವರು ಶಿವಮೊಗ್ಗ ಸುಬ್ಬಣ್ಣ, 'ಕಾಡು ಕುದುರೆ' ಚಿತ್ರಕ್ಕೆ. ಅವರು ಕರಿಕೋಟಿನ ವಕೀಲರಾಗಿದ್ದರು. ಹಾಗೆಂದು ಎದುರು ಸಾಕ್ಷಿಯನ್ನು ಮುಚ್ಚಿಡಲಾರೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅನಂತಪುರದಲ್ಲಿ ಇಂಜಿನಿಯರಿಂಗ್ ಓದು ಅರ್ಧಕ್ಕೆ ಬಿಟ್ಟವರೇ. ಆದರೆ ಬಿಡಿಸಿದ್ದು ಟೈಫಾಯ್ಡ್ ಜ್ವರ. ಆಮೇಲೆ ಮದರಾಸಿನಲ್ಲಿ ಮತ್ತೆ ಇಂಜಿನಿಯರಿಂಗ್ ಓದಿಗೇ ಸೇರಿದ್ದರು, ಓದುತ್ತಾ ಹಾಡಿದರು. 1967ರಲ್ಲಿ 'ನಕ್ಕರೆ ಅದೇ ಸ್ವರ್ಗ'ಕ್ಕೆ ಎಂ. ರಂಗರಾವ್ ಕರೆದು ಹಾಡಿಸಿದರು. ಆಮೇಲಿನದು ನಿಮಗೆಲ್ಲ ಬಾಯಿಪಾಠ. ನಮ್ಮ ಅಣ್ಣಾವ್ರನ್ನೇ ನೋಡಿ. ಇಪ್ಪತ್ತು ವರ್ಷ ತೆರೆಯ ಮೇಲೆ ಪಿ.ಬಿ. ಶ್ರೀನಿವಾಸರ ಕಂಠಕ್ಕೆ ತುಟಿ ಆಡಿಸಿ, 1974ರ 'ಸಂಪತ್ತಿಗೆ ಸವಾಲ್' ನಂತರ ತಮ್ಮ ಹಾಡು ತಾವೇ ಹಾಡತೊಡಗಿದರು. 'ಜೀವನ ಚೈತ್ರ'ಕ್ಕೆ (1992) ರಾಷ್ಟ್ರೀಯ ಪ್ರಶಸ್ತಿ ಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. ಕಂಠ ಕಾದಿತ್ತು, ಕೊಳೆಯಲಿಲ್ಲ. ಯಾಕೆಂದರೆ ಸಾಧನೆ ನಿಂತಿರಲಿಲ್ಲ.

ಇಂಟರ್ವಲ್ ನಂತರ

ಈಗ ನನ್ನ ಕಥೆಯ ಉಳಿದ ರೀಲು.

ನಾನು ಮದರಾಸಿನಲ್ಲಿದ್ದಾಗ ಮಳೆಗಾಲದಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಯಿತು. ಡಾಕ್ಟ್ರು ಹೊಳೆಯ ಆಚೆ ಬೇರೊಂದು ರೋಗಿಯ ಮನೆಗೆ ಹೋಗಿದ್ದರು. ಕಡಬದ ಕಡೆಯವರಿಗೆ ಹೊಸ್ಮಠದ ಹಳೆಯ ಮುಳುಗು ಸೇತುವೆ ನೆನಪಿರಬೇಕು. ಈಗ ಎತ್ತರದ ಹೊಸ ಸೇತುವೆ ಬಂದಿದೆ. ಆಗ ಮಳೆ ಜೋರಾದರೆ ಸೇತುವೆಯ ಮೇಲೆಯೇ ನೀರು, ಬಸ್ಸುಗಳು ಎರಡೂ ಕಡೆ ಸಾಲು. ಆ ರಾತ್ರಿ ಡಾಕ್ಟ್ರು ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡರು. ಅಂಗಡಿಯ ಜಗಲಿಯಲ್ಲಿ ಬಸ್ಸಿನ ಪ್ರಯಾಣಿಕರು, ಮಕ್ಕಳು, ಹೆಂಗಸರು ಚಳಿಗೆ ನಡುಗುತ್ತಾ ಕೂತಿದ್ದರಂತೆ. ಡಾಕ್ಟ್ರು ಅವರ ನಡುವೆ ಕೂತು ಬೆಳಗಿನ ತನಕ ದಾಸರ ಪದ ಹಾಡಿದರಂತೆ. ನೀರು ಇಳಿದು ಸೇತುವೆಯ ಬೆನ್ನು ಕಂಡ ಕೂಡಲೇ, ಮೊಣಕಾಲುದ್ದ ಕೆಸರಿನಲ್ಲಿ ಚೀಲ ತಲೆಯ ಮೇಲಿಟ್ಟುಕೊಂಡು ನಡೆದು ನಮ್ಮ ಮನೆಗೆ ಬಂದರು. ಅಪ್ಪ ಉಳಿದರು. ಮನೆಯಲ್ಲಿ ದುಡ್ಡಿರಲಿಲ್ಲ. ಇದ್ದದ್ದು ಎಲ್ಲಿಗೆ ಹೋಗಿತ್ತು ಎಂದು ನಿಮಗೆ ಗೊತ್ತು.

ನಾನು ಊರಿಗೆ ಬಂದಾಗ ಇದನ್ನೆಲ್ಲ ಹೇಳಿದ್ದು ಅಮ್ಮ. ಡಾಕ್ಟ್ರು ಒಂದು ಮಾತೂ ಆಡಲಿಲ್ಲ. ಶನಿವಾರ ಮಂದಿರದ ಹಿಂದಿನ ಕಂಬಕ್ಕೆ ಒರಗಿ ಕೂತಿದ್ದೆ. ಅವರು ತಿರುಗಿ ನೋಡಿ, "ಎಂತ ಮಾರಾಯ, ಮದರಾಸು ನೋಡಿ ಆಯ್ತಾ? ಹಾಗಾದ್ರೆ ಮುಂದೆ ಬಾ. ಶ್ರುತಿ ಹಿಡಿ" ಅಂದರು, ಅಷ್ಟೆ. ನನ್ನ ಗಂಟಲಿನಿಂದ ಸ್ವರ ಬರಲಿಲ್ಲ. ನಾಚಿಕೆಯಿಂದಲ್ಲ, ಅಭ್ಯಾಸ ಬಿಟ್ಟುಹೋಗಿತ್ತು.

ಮತ್ತೆ ಹೋಗಿ ಕಲಿಯಬಹುದಿತ್ತು. ಹಠಕ್ಕೆ ಹೋಗಲಿಲ್ಲ. 'ಹಾಡಿದರೆ ಸಿನಿಮಾದಲ್ಲಿ, ಇಲ್ಲದಿದ್ದರೆ ಇಲ್ಲ' ಎಂಬ ಹಠ. ಹಾಡುವವನ ಬದಲು ಹಾಡಿದವರ ಬಗ್ಗೆ ಬರೆಯುವವನಾದೆ. ಡಾಕ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಧ್ವನಿಯ ಒಂದು ಕ್ಯಾಸೆಟ್ಟೂ ಇಲ್ಲ. ನೂರಾರು ಗಾಯಕರ ಸಂದರ್ಶನ ಟೇಪ್ ಮಾಡಿಕೊಂಡ ನಾನು, ಅವರ ಮುಂದೆ ಒಂದು ದಿನ ಟೇಪ್ ರೆಕಾರ್ಡರ್ ಇಡಲಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಚುಚ್ಚುವುದು ಮದರಾಸಿನ ಸೋಲಲ್ಲ, ಇದು.

ಇನ್ನು ಉತ್ತರ

ಕಡಬದ ತಮ್ಮಾ, ನಾನು ಹೌದು ಅನ್ನುವುದಿಲ್ಲ. ಓದು ಬಿಡಬೇಡ. ಹಾಡಂತೂ ಬಿಡಲೇ ಬೇಡ. ಸಂಗೀತ ಯಾರ ಬಳಿಯೂ ರಾಜೀನಾಮೆ ಪತ್ರ ಕೇಳುವುದಿಲ್ಲ, ದಿನಾ ಬೆಳಿಗ್ಗೆ ಒಂದು ಗಂಟೆ ಕೇಳುತ್ತದೆ. ಹಾಸ್ಟೆಲಿನ ಹುಡುಗರು ಬೈದರೆ ಟೆರೇಸಿಗೆ ಹೋಗು. ಪುತ್ತೂರಿನಲ್ಲೋ ಸುಳ್ಯದಲ್ಲೋ ಒಬ್ಬ ಗುರುಗಳನ್ನು ಹುಡುಕಿಕೋ. ಟಿ.ವಿ. ಸ್ಪರ್ಧೆಯ ಮುಂದಿನ ಸುತ್ತಿಗೆ ಕರೆದರೆ ರಜೆ ಹಾಕಿ ಹೋಗು, ಹಾಡು, ಪರೀಕ್ಷೆಗೆ ವಾಪಸು ಬಾ. ಗೆದ್ದರೆ ನಾನೇ ಇಲ್ಲಿ ನಿನ್ನ ಫೋಟೋ ಹಾಕಿಸುತ್ತೇನೆ. ಸೋತರೆ ಸೋತದ್ದು ಒಂದು ಸ್ಪರ್ಧೆ, ನಿನ್ನ ಕಂಠವಲ್ಲ.

ಸುಲಭ ಎಂದು ಮಾತ್ರ ಹೇಳಲಾರೆ. ನಿದ್ದೆ ಕಡಿಮೆಯಾಗುತ್ತದೆ. ಗೆಳೆಯರು ಮ್ಯಾಟಿನಿಗೆ ಹೋದಾಗ ನೀನು ಶ್ರುತಿ ಪೆಟ್ಟಿಗೆಯ ಮುಂದೆ ಇರಬೇಕಾಗುತ್ತದೆ. ಹಿನ್ನೆಲೆ ಗಾಯಕನಾಗದೆಯೂ ಹೋಗಬಹುದು. ಆದರೆ ನಾಳೆ ಯಾವುದೋ ಹಳ್ಳಿಯಲ್ಲಿ, ಬಸ್ಸು ನಿಂತ ರಾತ್ರಿಯಲ್ಲಿ, ಕೈಯಲ್ಲಿ ಔಷಧಿ ಚೀಲವೂ ಕೊರಳಲ್ಲಿ ಹಾಡೂ ಇರುವವನು ಒಬ್ಬ ಬೇಕಾಗುತ್ತಾನೆ. ಆ ಪಾತ್ರಕ್ಕೆ ಗಾಂಧಿನಗರದಲ್ಲಿ ನಟರು ಸಿಗುವುದಿಲ್ಲ.

ಉಳಿದ ಓದುಗ ಮಿತ್ರರೇ, ನಿಮ್ಮೂರಿನಲ್ಲೂ ಇಂಥ ಒಬ್ಬ ಡಾಕ್ಟರೋ, ಮೇಷ್ಟ್ರೋ, ಪೋಸ್ಟ್ ಮಾಸ್ತರರೋ ಹಾಡುತ್ತಾ ಇರಬಹುದು. ನಿಮ್ಮೆಲ್ಲರ ಜೇಬಿನಲ್ಲೂ ಈಗ ಟೇಪ್ ರೆಕಾರ್ಡರ್ ಆಗುವ ಫೋನು ಇದೆ. ಈ ಶನಿವಾರ ಹೋಗಿ, ಅವರ ಮುಂದೆ ಇಡಿ. ನನಗಾಗಿ ಅಷ್ಟು ಮಾಡಿ.

ಮುಂದಿನ ವಾರ, ಮುನಿಸಿಕೊಂಡ ನಾಯಕಿಯರ ಸುದ್ದಿಯೊಂದಿಗೇ ಬರುತ್ತೇನೆ. ಬರಲೇ?